ಚೆಂಡು ಹೋದ ಜಾಗ

ಸೋಮವಾರ ಕಾರ್ಖಾನೆಯ ಗಾಲ್ಫ್ ಮೈದಾನಕ್ಕೆ ರಜೆ. ಸಾಹೇಬರು ಯಾರೂ ಬರುವುದಿಲ್ಲವಾದ್ದರಿಂದ ಆ ಒಂದು ದಿನ ಬೆಳಕು ಹರಿದಾಗಿನಿಂದ ಒಂಬತ್ತರ ಸೈರನ್ನಿನವರೆಗೆ ಮಹಮ್ಮದ್ ಹನೀಫ ಆಡಬಹುದು ಎಂದು ಕ್ಲಬ್ಬಿನ ಸೆಕ್ರೆಟರಿ ಏಳು ವರ್ಷಗಳ ಹಿಂದೆ ಬಾಯಿಮಾತಿನಲ್ಲಿ ಹೇಳಿದ್ದರು. ಬಾಯಿಮಾತು ಯಾವಾಗ ಬೇಕಾದರೂ ಮರೆತುಹೋಗಬಹುದೆಂಬ ಅಂಜಿಕೆಯಲ್ಲಿ ಹನೀಫ ಈ ಏಳು ವರ್ಷಗಳಲ್ಲಿ ಒಂದು ಸೋಮವಾರವನ್ನೂ ತಪ್ಪಿಸಿರಲಿಲ್ಲ, ಮಗಳು ಹುಟ್ಟಿದ ಸೋಮವಾರವನ್ನು ಕೂಡ. ಅವನ ಚೀಲದಲ್ಲಿ ಹದಿನಾಲ್ಕು ಚೆಂಡುಗಳಿದ್ದವು. ಎಲ್ಲವೂ ಕಳೆದುಹೋದವೆಂದು ಸಾಹೇಬರು ಕೈಬಿಟ್ಟಿದ್ದವು, ಆಮೇಲೆ ಅವನಿಗೆ ಜಾಲಿಕಂಟಿಯಲ್ಲಿ ಸಿಕ್ಕಿದ್ದವು. ಹದಿನಾಲ್ಕನ್ನೂ ಒಂದರ ಹಿಂದೆ ಒಂದು ಹೊಡೆದ. ಆರು ನೆಟ್ಟಗೆ ಹೋದವು. ಉಳಿದ ಎಂಟು ನೆತ್ತಿಗೆ ಪೆಟ್ಟು ತಿಂದು, ನೆಲಕ್ಕೆ ಹೊಟ್ಟೆ ಹಚ್ಚಿ, ಅತ್ತಿತ್ತ ಓಡಿದವು. ಅವನ್ನು ಹುಡುಕಬೇಕಾದ ಅಗತ್ಯವೇನೂ ಇರಲಿಲ್ಲ. ಮೂರನೆಯದು ಒಣಗಿದ ಕಾಲುವೆಯಾಚೆ ಎರಡನೇ ಕಂಟಿಯ ಬುಡದಲ್ಲಿದೆ, ಏಳನೆಯದು ನೀರಿನ ಪೈಪಿನ ಸಂದಿಯಲ್ಲಿದೆ, ಹತ್ತನೆಯದು ಬಿದ್ದು ಒಮ್ಮೆ ಪುಟಿದು ಎಡಕ್ಕೆ ಹೊರಳಿದೆ. ಎಲ್ಲ ಅವನಿಗೆ ಗೊತ್ತಿತ್ತು. ಹದಿನೇಳು ವರ್ಷ ಬೇರೆಯವರ ಚೀಲ ಹೊತ್ತು ಬೇರೆಯವರ ಚೆಂಡನ್ನು ನೋಡಿದ ಕಣ್ಣು ಅದು. 'ಹನೀಫ್ ಇದ್ದರೆ ಚೆಂಡು ಕಳೆಯೋದಿಲ್ಲ' ಎಂದು ಸಾಹೇಬರೆಲ್ಲ ಅನ್ನುತ್ತಿದ್ದರು. ಬೇರೆ ಊರಿನಿಂದ ಬಂದ ಅತಿಥಿಗಳಿಗೆ ಅವನನ್ನು ತೋರಿಸುವಾಗಲೂ ಹೆಸರಿಗಿಂತ ಮೊದಲು ಅವನ ಕಣ್ಣಿನ ಬಗ್ಗೆ ಹೇಳುತ್ತಿದ್ದರು.

ಪರೀಕ್ಷೆಗೆ ಇನ್ನು ಹನ್ನೆರಡು ದಿನ ಉಳಿದಿತ್ತು. ಬೆಂಗಳೂರಿನಲ್ಲಿ ಎರಡು ದಿನ, ದಿನಕ್ಕೆ ಹದಿನೆಂಟು ಕುಳಿ, ಒಟ್ಟು ನೂರೈವತ್ತಾರು ಏಟು ಮೀರಬಾರದು. ಮೀರದಿದ್ದರೆ ಕಾಗದ ಕೊಡುತ್ತಾರೆ. ಆ ಕಾಗದ ಇದ್ದವನು ಚೀಲ ಹೊರುವ ಕ್ಯಾಡಿಯಲ್ಲ, ಆಟ ಕಲಿಸುವವನು. ಏಪ್ರಿಲಿನಿಂದ ಕ್ಲಬ್ಬು ಅಂಥವನೊಬ್ಬನನ್ನು ಪಗಾರ ಕೊಟ್ಟು ಇಟ್ಟುಕೊಳ್ಳುವುದಿತ್ತು. ಹನೀಫನಾದರೆ ಹನೀಫ, ಇಲ್ಲವಾದರೆ ಬೆಂಗಳೂರಿನವನು ಯಾರೋ ಬರುತ್ತಾನೆ. ಬಂದವನ ಚೀಲವನ್ನೂ ಹನೀಫನೇ ಹೊರಬೇಕಾದೀತು. ಎಂಬತ್ತೇಳರಲ್ಲಿ ನೂರಾ ಅರವತ್ತೇಳು ಏಟು ಆಗಿತ್ತು. ಎಂಬತ್ತೆಂಟರಲ್ಲಿ ನೂರೈವತ್ತೆಂಟು, ಅಂದರೆ ಬರೀ ಎರಡು ಏಟು ಹೆಚ್ಚು. ಮೂರಕ್ಕಿಂತ ಹೆಚ್ಚು ಸಲ ಕೂರುವಂತಿರಲಿಲ್ಲ. ಹೋದ ವರ್ಷ ಕೂತು ಇದೊಂದು ಅವಕಾಶವೂ ಮುಗಿದುಹೋದರೆ ಎಂದು ಹೆದರಿ, ಹೆಂಡತಿ ಮಾಸುಮಬಿಗೆ ಜ್ವರ ಬಂದದ್ದನ್ನೇ ನೆಪ ಮಾಡಿಕೊಂಡು ಅವನು ಬೆಂಗಳೂರಿಗೆ ಹೋಗಿರಲಿಲ್ಲ. ಆ ಜ್ವರ ಎರಡೇ ದಿನಕ್ಕೆ ಇಳಿದಿತ್ತು. ಅವಳು ಒಮ್ಮೆಯೂ ಅದರ ಮಾತೆತ್ತಲಿಲ್ಲ ಎಂಬುದೇ ಅವನಿಗೆ ಆಗಾಗ ಮುಳ್ಳಿನಂತೆ ಚುಚ್ಚುತ್ತಿತ್ತು.

ತನ್ನ ಬೀಸಿನಲ್ಲಿ ಏನೋ ಕೆಟ್ಟಿದೆ ಎಂದು ಅವನಿಗೆ ಗೊತ್ತಿತ್ತು, ಏನು ಎಂದು ಗೊತ್ತಿರಲಿಲ್ಲ. ಸಾಹೇಬರು ಅದಕ್ಕೆ ಸ್ವಿಂಗ್ ಅನ್ನುತ್ತಾರೆ. ಬೀಸು ಅಂದದ್ದು ಗುಡ್ಡಪ್ಪ. ಮೈದಾನ ಆದ ಹೊಸದರಲ್ಲಿ ಹೊರದೇಶದ ಎಂಜಿನಿಯರೊಬ್ಬನ ಚೀಲ ಹೊತ್ತು, ಅವನ ಆಟವನ್ನು ಮೈಯೊಳಗೇ ಇಳಿಸಿಕೊಂಡಿದ್ದ ಮೋಟೆಬೆನ್ನೂರಿನ ಗುಡ್ಡಪ್ಪ. 'ಜೋಳದ ಹೊಲದಾಗ ಕವಣಿ ಬೀಸಿಲ್ಲೇನೋ ನೀ? ಕಲ್ಲು ಒಗಿಯೂದು ಕೈ ಅಲ್ಲ, ಸೊಂಟ. ಕೈ ಬರೇ ಹಗ್ಗ.' ಬ್ಯಾಡಗಿಯಲ್ಲಿ ಅಪ್ಪನ ಜೊತೆ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಹನೀಫ ಕವಣೆಯನ್ನು ಬೀಸಿರಲಿಲ್ಲ. ಗುಡ್ಡಪ್ಪ ಮೊದಲು ಅದನ್ನು ಕಲಿಸಿದ. ನದಿ ದಂಡೆಯಲ್ಲಿ, ಕಾವಲುಗಾರ ಏಳುವುದಕ್ಕೆ ಮುಂಚೆ, ಹಗ್ಗದಲ್ಲಿ ಕಲ್ಲಿಟ್ಟು ತುಂಗಭದ್ರೆಯ ಆಚೆ ದಡಕ್ಕೆ ಗುರಿ ಇಟ್ಟು ಬೀಸಿಸಿದ. ಆಮೇಲೆ ತುದಿ ಬಾಗಿದ ಜಾಲಿಕೋಲು, ಅದಾದ ಮೇಲೆ ಯಾವನೋ ಸಾಹೇಬ ಸಿಟ್ಟಿನಲ್ಲಿ ಮುರಿದು ಎಸೆದದ್ದಕ್ಕೆ ಬಿದಿರು ಕಟ್ಟಿ ಮಾಡಿದ ಐದನೇ ನಂಬರಿನ ಕೋಲು. ಮೂರು ವರ್ಷ ಹೀಗೆ ನಡೆಯಿತು. ಇಬ್ಬರಿಗೇ ಗೊತ್ತಿದ್ದ ಸಂಗತಿ ಅದು.

ಮತ್ತು ಎಂಬತ್ಮೂರರ ಬಹುಮಾನದ ದಿನ. ಅವತ್ತು ಕ್ಯಾಡಿಗಳಿಗೂ ತಮಾಷೆಗೆಂದು ಒಂದೊಂದು ಏಟು ಹೊಡೆಯಲು ಬಿಟ್ಟಿದ್ದರು. ಹನೀಫ ಹೊಡೆದ ಚೆಂಡು ನಗುತ್ತ ನಿಂತಿದ್ದವರ ನೆತ್ತಿಯ ಮೇಲಿನಿಂದ ಹೋಗಿ ಹೋಗಿ ನೀರಿನ ಟಾಕಿಯ ನೆರಳಿನಲ್ಲಿ ಬಿದ್ದಾಗ ನಗು ನಿಂತಿತು. ಮುಂಬಯಿಯಿಂದ ಬಂದಿದ್ದ ದೊಡ್ಡ ಸಾಹೇಬರು ಹತ್ತಿರ ಕರೆದು, ಯಾರು ಕಲಿಸಿದರು ನಿನಗೆ ಎಂದು ಕೇಳಿದರು. ಎರಡು ಮಾರು ದೂರದಲ್ಲಿ ಅದೇ ಸಾಹೇಬರ ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡಪ್ಪ ನಿಂತಿದ್ದ. 'ಯಾರೂ ಇಲ್ಲ ಸಾಬ್, ನಿಮ್ಮಂಥವರನ್ನ ನೋಡಿ ನೋಡಿ ಕಲಿತೆ' ಎಂದ ಹನೀಫ. ಸಾಹೇಬರಿಗೆ ಆ ಮಾತು ಬಹಳ ಹಿಡಿಸಿತು. ಸೋಮವಾರದ ಬೆಳಗು, ಹಳೆಯ ಕೋಲುಗಳ ಒಂದು ಸೆಟ್ಟು, ಬೆಂಗಳೂರಿನ ಪರೀಕ್ಷೆಯ ಮಾತು ಎಲ್ಲವೂ ಆ ಒಂದು ವಾಕ್ಯದಿಂದ ಬಂದವು. ಗುಡ್ಡಪ್ಪ ಅವತ್ತು ಚೀಲವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸಿಕೊಂಡದ್ದು ಹನೀಫನಿಗೆ ಈಗಲೂ ಕಾಣಿಸುತ್ತದೆ. ಆಮೇಲೆ ಎರಡು ವರ್ಷ ಇಬ್ಬರೂ ಒಂದೇ ಮೈದಾನದಲ್ಲಿ ಚೀಲ ಹೊತ್ತರು, ಬೀಡಿ ಹಂಚಿಕೊಂಡರು, ಮಳೆಯ ಬಗ್ಗೆ ಮಾತಾಡಿದರು. ಬೀಸಿನ ಬಗ್ಗೆ ಮಾತಾಡಲಿಲ್ಲ. ಎಂಬತ್ತೈದರಲ್ಲಿ ಗುಡ್ಡಪ್ಪ ಸಾಕಿನ್ನು ಎಂದು ಊರಿಗೆ ಹೋದ. ಹೋಗುವ ದಿನ ಹನೀಫ ರಾಣೆಬೆನ್ನೂರಿನಲ್ಲಿ ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿದ್ದ. ಕೆಲಸ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದು, ಹಳೆಯ ಪೇಪರು ಓದಿ, ಸಂಜೆ ವಾಪಸು ಬಂದಿದ್ದ.

ಒಂಬತ್ತರ ಸೈರನ್ ಆದ ಮೇಲೆ ಮನೆಗೆ ಬಂದಾಗ ಮಾಸುಮಬಿ ಹೊಲಿಗೆ ಯಂತ್ರದ ಮುಂದೆ ಕೂತು ಅವನ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದಳು. ಹೋದ ಪರೀಕ್ಷೆಗೆಂದು ಹೊಲಿದದ್ದು, ಈಗ ಸಡಿಲವಾಗಿತ್ತು. ಅವನ ಮುಖ ನೋಡದೆಯೇ, "ಎಷ್ಟು?" ಎಂದಳು.

"ಆರು."

"ಹದಿನಾಲ್ಕಕ್ಕೆ ಆರಾ?" ದಾರವನ್ನು ಹಲ್ಲಿನಿಂದ ಕಡಿದಳು. "ಹೋದ ವಾರಾನೂ ಆರೇ ಆಗಿತ್ತು. ಕೈ ನಿಮ್ಮದ, ಕೋಲು ನಿಮ್ಮದ. ನಿಮ್ಮ ಬೆನ್ನು ನಿಮಗ ಹೆಂಗ ಕಾಣ್ತೈತಿ? ಯಾರನ್ನರ ಕೇಳಬೇಕು." ಸ್ವಲ್ಪ ಹೊತ್ತು ಯಂತ್ರ ತುಳಿದಳು. "ಯಾರನ್ನಂತ ನಿಮಗೂ ಗೊತ್ತೈತಿ. ಇವತ್ತ ರಜಾ. ಹೋಗಿ ಬರ್ರಿ."

ಅವಳಿಗೆ ಅವನು ಏನನ್ನೂ ಹೇಳಿರಲಿಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ಹೇಳದೆ ಉಳಿದದ್ದು ಎಷ್ಟರ ಮಟ್ಟಿಗೆ ಹೇಳಿದಂತೆಯೇ ಆಗಿರುತ್ತದೆ ಎಂದು ಯೋಚಿಸುತ್ತ, ಹಳೆಯ ಲುಂಗಿಯಲ್ಲಿ ಐದನೇ ನಂಬರಿನ ಕೋಲನ್ನು ಸುತ್ತಿ, ಕಿಸೆಯಲ್ಲಿ ಮೂರು ಚೆಂಡು ಹಾಕಿಕೊಂಡು ಹೊರಟ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಾಯಿಸಿದಾಗ ಕಂಡಕ್ಟರ್ ಆ ಗಂಟಿನ ಮೇಲೆ ಕೈಯಿಟ್ಟು, "ಏನದು, ಬಂದೂಕೇನು?" ಎಂದ. ಬಸ್ಸಿನವರೆಲ್ಲ ತಿರುಗಿ ನೋಡಿದರು. "ಗಾಲ್ಫ್ ಆಡೂ ಕೋಲರಿ" ಎಂದ ಹನೀಫ. ಹಿಂದಿನ ಸೀಟಿನಲ್ಲಿ ಯಾರೋ, "ಅಂದ್ರ ಚಿಣ್ಣಿದಾಂಡು" ಎಂದರು. ಕಂಡಕ್ಟರ್ ನಕ್ಕು, ಅರ್ಧ ಲಗೇಜು ಹಾಕಬೇಕಾಗತೈತಿ ಎಂದು ಹೆದರಿಸಿ, ಹಾಕದೆ ಮುಂದೆ ಹೋದ. ಹನೀಫನೂ ನಕ್ಕ. ಆದರೆ ಕಿವಿ ಬೆಚ್ಚಗಾಗಿತ್ತು. ಮೊದಲ ಸಲ ಬೆಂಗಳೂರಿಗೆ ಹೋದಾಗ ಗೇಟಿನವನು ಅವನ ಬೂಟು ನೋಡಿ, 'ಕ್ಯಾಡಿಗಳೆಲ್ಲ ಹಿಂದಿನ ಗೇಟಿಗೆ' ಎಂದಿದ್ದ. ಅವನು ಗೋಡೆಗುಂಟ ಅರ್ಧ ಮೈಲಿ ನಡೆದು ಹಿಂದಿನ ಗೇಟಿನಿಂದಲೇ ಪರೀಕ್ಷೆಗೆ ಹೋಗಿದ್ದ. ಎರಡನೆಯ ಸಲ, 'ನಾನು ಆಡುವವನು' ಎಂದು ಹೇಳಲು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿದ್ದ. ಆ ದಿನ ಗೇಟಿನಲ್ಲಿ ಯಾರೂ ಇರಲಿಲ್ಲ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಗೆ ಇಳಿದು, ಕೇಳಿಕೊಂಡು ಹೊಲದ ದಾರಿ ಹಿಡಿದ. ಕಣದ ತುಂಬ ಮೆಣಸಿನಕಾಯಿ ಹರವಿದ್ದರು. ದೂರದಿಂದಲೇ ಗಂಟಲು ಕೆರೆಯಿತು. ಗುಡ್ಡಪ್ಪ ಕುಕ್ಕರುಗಾಲಿನಲ್ಲಿ ಕೂತು ಕೈಯಿಂದ ಕಾಯಿ ಹೊರಳಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಭುಜ ಮಾತ್ರ ಹಾಗೇ ಇತ್ತು, ಎಡದ್ದು ಚೂರು ಕೆಳಗೆ. ಹನೀಫ ಏನು ಹೇಳಿ ಶುರು ಮಾಡಬೇಕೆಂದು ಬಸ್ಸಿನಲ್ಲಿ ನಾಲ್ಕೈದು ತೆರನಾಗಿ ಹೊಂದಿಸಿಕೊಂಡಿದ್ದ. ಹತ್ತಿರ ಬರುತ್ತಿದ್ದಂತೆ ಸೀನು ಬಂತು. ಒಂದರ ಹಿಂದೆ ಒಂದು ಆರೇಳು ಸೀನಿದ. ಗುಡ್ಡಪ್ಪ ತಲೆ ಎತ್ತಿ, "ಬ್ಯಾಡಗಿಯಾಗ ಹುಟ್ಟಿದಂವ ಮೆಣಸಿನಕಾಯಿಗೆ ಸೀನ್ತಿಯಲ್ಲೋ" ಎಂದ. "ಕುಂದ್ರು. ರೇಣುಕಾ, ನೀರು ತಾ. ಕಾರ್ಖಾನಿ ಹನೀಫ ಬಂದಾನ."

ಮಗಳು ರೇಣುಕವ್ವ ತಂಬಿಗೆ ತಂದು ಇಟ್ಟು, ಅವನನ್ನೂ ಅವನ ಗಂಟನ್ನೂ ಒಮ್ಮೆ ನೋಡಿ, ಕಾಯಿ ಹೊರಳಿಸಲು ಹೋದಳು. ಹನೀಫ ನೀರು ಕುಡಿದ. ಮಾಸುಮಬಿ, ಮಗಳು, ಯಾವ ಸಾಹೇಬರು ವರ್ಗವಾಗಿ ಹೋದರು, ಯಾರು ಬಂದರು ಎಲ್ಲ ಹೇಳಿದ. ಗುಡ್ಡಪ್ಪ ಕೇಳುತ್ತ ಕೇಳುತ್ತ ಲುಂಗಿಯ ಗಂಟನ್ನು ತಾನೇ ಎಳೆದುಕೊಂಡು ಬಿಚ್ಚಿದ. ಕೋಲಿನ ಹಿಡಿಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಇಟ್ಟ, ತೆಗೆದ. ಕೋಲಿನ ತುದಿಯ ಕಬ್ಬಿಣದ ಮೇಲೆ ಚೆಂಡು ಬಡಿದ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿ, "ಎಲ್ಲಾ ಕೆಳಗ ಹತ್ಯಾವು" ಎಂದ. "ಯಾವಾಗೈತಿ ಪರೀಕ್ಷಾ?"

"ಮುಂದಿನ ಶನಿವಾರ ಬಿಟ್ಟು ಆಚೆ... ಅಲ್ಲ, ಮುಂದಿನ ವಾರದ ಶನಿವಾರನ." ಲೆಕ್ಕ ತಪ್ಪಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. "ಕಾಕಾ, ಅದಕ್ಕೂ ಮೊದಲ ಒಂದ ಮಾತು. ಅವತ್ತ, ಬಹುಮಾನದ ದಿನ, ಮುಂಬಯಿ ಸಾಹೇಬ್ರು ಕೇಳಿದಾಗ..."

"ಹೂಂ."

"ನಿಮ್ಮ ಹೆಸರು ಹೇಳಬೇಕಾಗಿತ್ತು ನಾ."

ಗುಡ್ಡಪ್ಪ ಕೋಲನ್ನು ನೆಲಕ್ಕೆ ಊರಿ ಅದರ ಮೇಲೆ ಎರಡೂ ಕೈಯಿಟ್ಟ. "ಹೇಳಿದ್ರ ಏನಾಗ್ತಿತ್ತು? ಕ್ಯಾಡಿ ಕೋಲು ಬೀಸಬಾರದು ಅಂತ ಶೆಡ್ಡಿನ ಮ್ಯಾಲ ಬೋರ್ಡು ಹಾಕಿದ್ರಲ್ಲ, ಮರತಿ? ಮೂರು ವರ್ಷ ಕದ್ದು ಬೀಸೀವಿ ಅಂದ್ರ ನಿನ್ನ ಬಿಡ್ತಿದ್ರು, ನೀ ಹುಡುಗಾಗಿದ್ದಿ. ನನ್ನ ಮನಿಗೆ ಕಳಿಸ್ತಿದ್ರು. ನೀ ಬಾಯಿ ಬಿಡಲಿಲ್ಲ, ನಾ ಎರಡು ವರ್ಷ ಹೆಚ್ಚಿಗಿ ದುಡದೆ. ಚಲೋನ ಆತು." ಅಷ್ಟು ಹೇಳಿ ಎದ್ದು ನಿಂತು, "ಬಾ, ಬೀಸು ನೋಡೂಣು" ಎಂದ.

ಹನೀಫ ಎದ್ದ. ಏಳು ವರ್ಷ ಹೊತ್ತ ಚೀಲವನ್ನು ಯಾರೋ ಹಿಂದಿನಿಂದ ಬಂದು ಎತ್ತಿಕೊಂಡರೆ ಮೈ ಒಂದು ಕ್ಷಣ ವಾಲುತ್ತದಲ್ಲ, ಹಾಗಾಯಿತು. ಅವನಿಗೆ ಸಮಾಧಾನವಾಯಿತು ನಿಜ, ಆದರೆ ಅದರ ಬೆನ್ನಿಗೇ ಏನೋ ಪೆಚ್ಚೂ ಆಯಿತು. ತಾನು ಅಷ್ಟೊಂದು ರಾತ್ರಿ ಹೊರಳಾಡಿದ್ದು, ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಕೂತದ್ದು, ಎಲ್ಲ ಇಲ್ಲದ ತಪ್ಪಿಗೋ? ಶೆಡ್ಡಿನ ಮೇಲೆ ಬೋರ್ಡು ಇದ್ದದ್ದು ಖರೆ. ಸಾಹೇಬರು ಮನಸ್ಸು ಮಾಡಿದ್ದರೆ ಕಳಿಸುತ್ತಿದ್ದರು ಎಂಬುದೂ ಖರೆ. ಆದರೆ ಅವತ್ತು ಆ ಬೋರ್ಡು ತನ್ನ ನೆನಪಿಗೆ ಬಂದಿರಲಿಲ್ಲ. ಬಂದದ್ದು ಸಾಹೇಬರ ಮುಖ ಮಾತ್ರ. ಅದನ್ನೂ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಗುಡ್ಡಪ್ಪ ಕಣದ ಅಂಚಿಗೆ ಹೋಗಿ ಕಾಲಿನಿಂದ ನೆಲ ಸಮ ಮಾಡಿ, "ಇಲ್ಲಿ ಇಡು" ಎಂದ.

ಮುಂದೆ ಕೊಯ್ದು ಬಿಟ್ಟ ಜೋಳದ ಹೊಲ, ಅದರಾಚೆ ಒಂಟಿ ಬೇವಿನ ಮರ. ಹನೀಫ ಚೆಂಡಿಟ್ಟು ನಿಂತ. ಗುಡ್ಡಪ್ಪ ಅವನಿಗೆ ಬೆನ್ನು ಮಾಡಿ ಹೊಲದ ಕಡೆ ಮುಖ ಮಾಡಿ ನಿಂತಿದ್ದ.

"ಕಾಕಾ, ಇತ್ತ ನೋಡ್ರಿ. ನಾ ಹೊಡಿಯೂದು ನೋಡದಿದ್ರ ಹೆಂಗ?"

"ನೀ ಹೊಡಿ."

ಹೊಡೆದ. ಚೆಂಡು ನೆತ್ತಿಗೆ ಪೆಟ್ಟು ತಿಂದು ಕೂಳೆಗಳ ನಡುವೆ ಓಡಿತು. ಇನ್ನೊಂದು ಹೊಡೆದ, ಅದೂ ಹಾಗೇ. ಗುಡ್ಡಪ್ಪ ಮೊದಲನೆಯದರ ಹತ್ತಿರ ನೆಟ್ಟಗೆ ಹೋಗಿ ಹೆಕ್ಕಿದ, ಎರಡನೆಯದನ್ನೂ ಹೆಕ್ಕಿದ, ವಾಪಸು ಬಂದು ಅವನ ಅಂಗೈಯಲ್ಲಿಟ್ಟ. "ಎಲ್ಲಿ ಬಿದ್ದಿದ್ದವು ಹೇಳು ನೋಡೂಣು."

"ಒಂದು ಆ ಬದುವಿನ ಕಲ್ಲಿನ ಬಲಕ್ಕ. ಎರಡನೇದು ಅದರಿಂದ ಎಂಟ ಹೆಜ್ಜಿ ಈ ಕಡೆ."

"ಬರೋಬ್ಬರಿ. ನೀ ಇನ್ನೂ ಕ್ಯಾಡಿ ಇದ್ದಿ. ಕೋಲು ಚೆಂಡಿಗೆ ತಾಗೂಕಿಂತ ಮೊದಲ ನಿನ್ನ ಕಣ್ಣು ಅದನ್ನ ಹುಡುಕಾಕ ಹೊಂಟುಬಿಡ್ತಾವು. ಕಣ್ಣಿನ ಹಿಂದ ತಲಿ, ತಲಿ ಹಿಂದ ಭುಜ. ಕೋಲು ಪಾಪ ಏನ ಮಾಡೀತು? ಸೊಂಟ ಚಲೋ ಐತಿ. ಕೈ ಚಲೋ ಅದಾವು." ಮೂರನೆಯ ಚೆಂಡನ್ನು ತಾನೇ ನೆಲಕ್ಕಿಟ್ಟು ಮತ್ತೆ ಹೊಲದ ಕಡೆ ತಿರುಗಿದ. "ನೀ ಹೊಡಿ. ನಾ ನೋಡ್ತೇನಿ. ಚೆಂಡು ಹೋದ ಮ್ಯಾಲ ಅದು ಇದ್ದ ಜಾಗದಾಗ ಏನೈತಿ ಅಂತ ನನಗ ಹೇಳಬೇಕು."

ಹನೀಫ ಹೊಡೆದ. ತಲೆ ತಾನಾಗಿ ಎದ್ದಿತು.

"ಏನಿತ್ತು?"

"ನೋಡಲಿಲ್ಲ."

"ಮತ್ತ ಇಡು."

ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಮೂರೇ ಚೆಂಡು; ಗುಡ್ಡಪ್ಪ ಹೋಗಿ ತರುತ್ತಿದ್ದ, ಅರವತ್ತು ದಾಟಿದ ಕಾಲುಗಳಲ್ಲಿ, ಹೊಲದುದ್ದಕ್ಕೂ. ನಾನು ತರುತ್ತೇನೆ ಎಂದು ಹನೀಫ ಹೊರಟರೆ ಕೈ ಎತ್ತಿ ತಡೆಯುತ್ತಿದ್ದ. ಚೆಂಡಿನ ಕಡೆ ನೋಡದೆ ಇರುವುದು ಎಂಥ ಕಷ್ಟ ಎಂದು ಹನೀಫನಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಮಗು ಅಳುವುದು ಕೇಳಿಯೂ ತಿರುಗದೆ ಇದ್ದಂತೆ, ಕುತ್ತಿಗೆಯ ನರ ಎಳೆಯುತ್ತಿತ್ತು. ಕಳೆದುಹೋಯಿತು, ಕಳೆದುಹೋಯಿತು ಎಂದು ಒಳಗೆ ಯಾರೋ ಕೂಗುತ್ತಿದ್ದರು; ಕಳೆದರೆ ಸಾಹೇಬರು ಬೈಯುತ್ತಾರೆ, ಹದಿನೇಳು ವರ್ಷದ ಹೆಸರು ಹೋಗುತ್ತದೆ. ಎಷ್ಟನೆಯ ಏಟೋ, ಕೋಲು ದಾಟಿಹೋದ ಮೇಲೆ ನೆಲದ ಮೇಲೆ ಒಂದು ಮೆಣಸಿನ ಬೀಜ ಕಂಡಿತು. ಹಳದಿ, ಅರ್ಧ ಮಣ್ಣಿನಲ್ಲಿ ಹೂತಿತ್ತು.

"ಬೀಜ" ಎಂದ.

"ಹೂಂ. ಮತ್ತ?"

ಮುಂದಿನ ಏಟಿಗೆ ಒಂದು ಇರುವೆ ಇತ್ತು. "ಯಾವ ಕಡೆ ಹೊಂಟಿತ್ತು?" ಎಂದು ಕೇಳಿದ ಗುಡ್ಡಪ್ಪ. ಕಾಯಿ ಹೊರಳಿಸುತ್ತಿದ್ದ ರೇಣುಕವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ನಿಮ್ಮ ಮನಿ ಕಡೆ" ಎಂದ ಹನೀಫ. ಆಗ ತಲೆ ಎತ್ತಿ ನೋಡಿದ. ಗುಡ್ಡಪ್ಪ ಬೇವಿನ ಮರದ ಆಚೆ, ತೀರ ಸಣ್ಣವನಾಗಿ, ಚೆಂಡು ಹೆಕ್ಕಲು ಬಾಗಿದ್ದ.

ಊಟಕ್ಕೆ ಕೂತಾಗ ಗುಡ್ಡಪ್ಪ ಕೇಳಿದ: "ಅಲ್ಲಿ ನಿನ್ನ ಚೀಲ ಯಾರು ಹಿಡೀತಾರ?"

"ಅಲ್ಲೇ ಯಾರನ್ನರ ಕೊಡ್ತಾರ."

"ಅವರಿಗೆ ನಿನ್ನ ಚೆಂಡು ಯಾಕ ಬೇಕು? ನೋಡಿದ್ರ ನೋಡಿದ್ರು, ಬಿಟ್ರ ಬಿಟ್ರು. ನೀ ಮತ್ತ ತಲಿ ಎತ್ತತಿ." ರೊಟ್ಟಿ ಮುರಿದ. "ನಾ ಬರ್ತೇನಿ."

ತನ್ನ ಚೀಲ ಈ ಮನುಷ್ಯನ ಹೆಗಲಿಗೆ ಬರುವುದು ಹನೀಫನ ಕಣ್ಣಿಗೆ ಕಟ್ಟಿತು. ಬೇಡ ಕಾಕಾ ಎಂದ. ಈ ವಯಸ್ಸಿಗೆ ಎರಡು ದಿನ ಮೂವತ್ತಾರು ಕುಳಿ ನಡೆಯುವುದೆಂದರೆ ಎಂದ. ಕಾಯಿ ಹರವಿದ್ದೀರಲ್ಲ ಎಂದ. ರೇಣುಕವ್ವ ತಟ್ಟೆಗೆ ಬದನೆಕಾಯಿ ಪಲ್ಯ ಹಾಕುತ್ತ, "ಕಾಯಿ ನಾವು ನೋಡ್ತೇವಿ, ಅವರು ಯಾರ ಮಾತು ಕೇಳ್ಯಾರ?" ಎಂದಳು. ಅವಳ ದನಿಯಲ್ಲಿ ಒಪ್ಪಿಗೆ ಇತ್ತೋ ಸಿಟ್ಟಿತ್ತೋ ಅವನಿಗೆ ತಿಳಿಯಲಿಲ್ಲ.

ಬೆಂಗಳೂರಿನ ಮೈದಾನದ ಗೇಟಿನಲ್ಲಿ ಈ ಸಲ ಕಾವಲುಗಾರ ಇದ್ದ. ಇಬ್ಬರ ಕಾಲನ್ನೂ ನೋಡಿ, ಕ್ಯಾಡಿಗಳಾ ಎಂದು ಕೇಳಿದ. ಹನೀಫ ಅಭ್ಯಾಸ ಮಾಡಿಕೊಂಡಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಗುಡ್ಡಪ್ಪ ಮುಂದೆ ಬಂದು, "ನಾನ್ರಿ ಕ್ಯಾಡಿ. ಇವರು ಆಡಾವ್ರು" ಎಂದ. ಇವರು ಎಂಬ ಮಾತು ಗುಡ್ಡಪ್ಪನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ಹನೀಫ ಯಾರು ಬಂದರೆಂದು ಹಿಂದೆ ತಿರುಗಿ ನೋಡಬೇಕು, ಹಾಗಿತ್ತು. ಕಾವಲುಗಾರ ಗೇಟು ತೆಗೆದ. ಮೊದಲ ದಿನ ಎಪ್ಪತ್ತೊಂಬತ್ತು ಏಟಾಯಿತು. ಕಾರ್ಖಾನೆಯ ಮೈದಾನದಲ್ಲಿ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು. ಇಲ್ಲಿ ಕತ್ತರಿಸಿದ ಹಸಿರು ಹುಲ್ಲು. ಅದರ ಮೇಲೆ ಚೆಂಡು ಗಾಜಿನ ಮೇಲಿನ ನೀರಿನಂತೆ ನಿಲ್ಲದೆ ಓಡಿತು. ಮೂರು ಏಟು ಅಲ್ಲೇ ವ್ಯರ್ಥವಾಗಿ ಹೋದವು. ಆ ಸಂಜೆ ಗುಡ್ಡಪ್ಪ ಧರ್ಮಶಾಲೆಯ ಕಟ್ಟೆಯ ಮೇಲೆ ಕೂತು ತನ್ನ ಮೊಣಕಾಲಿಗೆ ತಾನೇ ಎಣ್ಣೆ ತಿಕ್ಕಿಕೊಂಡ. ನಾನು ತಿಕ್ಕುತ್ತೇನೆ ಎಂದು ಹನೀಫ ಹೇಳಿದ್ದಕ್ಕೆ, ನಿನ್ನ ಕೈಗೆ ಎಣ್ಣಿ ಹತ್ತಬಾರದು, ನಾಳೆ ಕೋಲು ಜಾರತೈತಿ ಎಂದ.

ಎರಡನೆಯ ದಿನ ಎಪ್ಪತ್ತೇಳು ಮೀರಬಾರದಿತ್ತು. ಹದಿನೇಳು ಕುಳಿ ಮುಗಿದಾಗ ಎಪ್ಪತ್ತಮೂರು ಆಗಿತ್ತು. ಕೊನೆಯದಕ್ಕೆ ನಾಲ್ಕೇ ಏಟು. ಮೊದಲ ಏಟು ನೀಲಗಿರಿ ಮರಗಳ ಸಾಲಿನೊಳಗೆ ಹೋಗಿ ಬಿತ್ತು. ಹನೀಫ ಅಲ್ಲಿಗೆ ನಡೆದ. ಜೊತೆಗೆ ಬರುತ್ತಿದ್ದ ಪರೀಕ್ಷಕರು ಗಡಿಯಾರ ನೋಡಿದರು. ಮರಗಳ ಸಂದಿಯಲ್ಲಿ ಒಂದು ಬಾಗಿಲಿನಷ್ಟು ಬೆಳಕು, ಅದರಾಚೆ ನೂರಾ ಅರವತ್ತು ಗಜ ದೂರದಲ್ಲಿ ಕುಳಿಯ ಬಾವುಟ. ಗುಡ್ಡಪ್ಪ ಕೇಳದೆಯೇ ಐದನೇ ನಂಬರಿನ ಕೋಲು ತೆಗೆದು ಕೊಟ್ಟ. ಆಮೇಲೆ ಚೀಲವನ್ನು ನೆಲಕ್ಕಿಳಿಸಿ, ಮರಗಳಾಚೆ ಹೋಗಿ, ಬಯಲಲ್ಲಿ ಹನೀಫನಿಗೆ ಬೆನ್ನು ಮಾಡಿ ನಿಂತ. ಹನೀಫ ಚೆಂಡಿನ ಮುಂದೆ ನಿಂತು ಉಸಿರು ಬಿಟ್ಟ. ಬೀಸಿದ. ಕೈಗೆ ಏನೂ ತಾಗಲಿಲ್ಲ ಅನ್ನುವಷ್ಟು ಮೆತ್ತಗೆ ತಾಗಿತು. ನೆಲದ ಮೇಲೆ ಒದ್ದೆ ಮಣ್ಣಿನ ಒಂದು ಗೀರು, ಅದರ ಪಕ್ಕ ಅರ್ಧ ತುಂಡಾದ ನೀಲಗಿರಿ ಎಲೆ, ಎಲೆಯ ತೊಟ್ಟು ಕೆಂಪಗಿತ್ತು. ಅದನ್ನೇ ನೋಡುತ್ತ ನಿಂತ. ಚೆಂಡು ಎಲ್ಲಿ ಬಿತ್ತೋ ಅವನಿಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಚೆಂಡು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಮತ್ತು ಆ ಗೊತ್ತಿಲ್ಲದಿರುವಿಕೆಯೊಳಗೆ ಎಂಥದೋ ವಿಶ್ರಾಂತಿ ಇತ್ತು. ಬಹಳ ಹೊತ್ತಾಯಿತು ಅನ್ನಿಸಿತು. ಕೊನೆಗೆ ಗುಡ್ಡಪ್ಪ ತಿರುಗಿ, "ಎಲಿ ಇತ್ತೇನು?" ಎಂದ. ಹೌದು ಎಂದ ಹನೀಫ. "ನಡಿ ಹಂಗಾರ" ಎಂದು ಗುಡ್ಡಪ್ಪ ಚೀಲ ಎತ್ತಿಕೊಂಡ. ಚೆಂಡು ಕುಳಿಯಿಂದ ಹನ್ನೆರಡು ಅಡಿ ದೂರದಲ್ಲಿ, ಹುಲ್ಲಿನ ಮೇಲೆ ಕೂತಿತ್ತು. ಅಲ್ಲಿಂದ ಎರಡು ಏಟು. ಒಟ್ಟು ನೂರೈವತ್ತಾರು.

ವಾಪಸು ಬರುವಾಗ ಹರಿಹರದಲ್ಲಿ ರೈಲು ಇಳಿದಿದ್ದರೆ ಒಂದು ಗಂಟೆಯಲ್ಲಿ ಮನೆ. ಇಳಿಯಲಿಲ್ಲ. ಗುಡ್ಡಪ್ಪನನ್ನು ಮನೆ ಮುಟ್ಟಿಸಿಯೇ ಹೋಗಬೇಕೆಂದು ಬ್ಯಾಡಗಿಯವರೆಗೆ ಬಂದ. ಅಲ್ಲಿಂದ ಮೆಣಸಿನಕಾಯಿ ಚೀಲ ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೋದಲ್ಲಿ ಇಬ್ಬರೂ ಮೋಟೆಬೆನ್ನೂರಿಗೆ ಹೋದರು. ಗುಡ್ಡಪ್ಪ ಹಿತ್ತಲಿಗೆ ಕೈಕಾಲು ತೊಳೆಯಲು ಹೋದ. ಪಾಸಾಯಿತು ಎಂದು ಕೇಳಿ ರೇಣುಕವ್ವ ಸಕ್ಕರೆ ಡಬ್ಬಿ ತಂದು ಹನೀಫನ ಕೈಗೆ ಒಂದು ಚಿಟಿಕೆ ಹಾಕಿದಳು. ಆಮೇಲೆ, ಬಹಳ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳುವವಳಂತೆ, ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು:

"ನಿನ್ನ ಹೆಸರು ಈ ಮನ್ಯಾಗ ಮೂರು ವರ್ಷ ಯಾರೂ ತಗೀತಿದ್ದಿಲ್ಲ ಅಣ್ಣಾ. ತಗದ್ರ ಅಪ್ಪ ಊಟ ಬಿಟ್ಟು ಏಳತಿದ್ದ. ಆ ಬಹುಮಾನದ ದಿನ ಕಾರ್ಖಾನಿಯಿಂದ ಬಂದಂವ ಎರಡು ದಿನ ಮಾತಾಡಿದ್ದಿಲ್ಲ. ನೀ ಆವತ್ತ ಕಣಕ್ಕ ಬಂದಿದ್ದು ನೋಡಿ ನನಗ ಎದಿ ಹೊಡಕೊಂಡಿತ್ತು, ಏನಾಗತೈತೋ ಅಂತ."

ಹನೀಫನ ಬಾಯಲ್ಲಿ ಸಕ್ಕರೆ ಇತ್ತು. "ಬೋರ್ಡಿತ್ತು, ಹೇಳದಿದ್ದದ್ದು ಚಲೋನ ಆತು ಅಂದ್ರಲ್ಲ ಕಾಕಾ" ಎಂದ, ಮೆಲ್ಲಗೆ.

"ಅಂದಾನ" ಎಂದಳು ರೇಣುಕವ್ವ. "ಅವತ್ತ ನನಗೂ ಕೇಳಿಸ್ತು." ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಹಿತ್ತಲಿನಲ್ಲಿ ನೀರು ಚೆಲ್ಲುವ ಸದ್ದು ಕೇಳುತ್ತಿತ್ತು. ಹಾಗಾದರೆ ತಪ್ಪು ಇತ್ತು. ಇದ್ದದ್ದು ಗುಡ್ಡಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ, ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತು, ಒಂದು ನಿಮಿಷದಲ್ಲಿ ಆ ಬೋರ್ಡನ್ನು ನೆನಪು ಮಾಡಿಕೊಂಡು, ಅದನ್ನು ಹನೀಫನ ಮುಂದೆ ಹಿಡಿದಿದ್ದ. ಆಮೇಲೆ ಹೊಲದುದ್ದಕ್ಕೂ ಚೆಂಡು ಹೆಕ್ಕಿದ್ದ. ನಾಚಿಕೆಯಾಗುತ್ತದೆ ಎಂದು ಹನೀಫ ಕಾದ. ಅದು ಬರುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು, ಮೊದಲು ಕಿವಿ, ಆಮೇಲೆ ಕುತ್ತಿಗೆ. ಬರಲಿಲ್ಲ. ಆವತ್ತಿನ ಪೆಚ್ಚೂ ಈಗ ಇರಲಿಲ್ಲ. ಮಾಡಿದ್ದು ತನ್ನದೇ, ಮನ್ನಿಸಿದ್ದು ಗುಡ್ಡಪ್ಪನದು, ಎರಡೂ ಅವುಗಳ ಜಾಗದಲ್ಲಿ ಇವೆ ಅನ್ನಿಸಿ ಮನಸ್ಸು ಹಗುರಾಯಿತು.

ಗುಡ್ಡಪ್ಪ ಟವೆಲಿನಿಂದ ಮುಖ ಒರೆಸುತ್ತ ಬಂದು, ಏನನ್ನೋ ಕೇಳಿಸಿಕೊಂಡವನಂತೆ ಮಗಳು ಹೋದ ಬಾಗಿಲನ್ನೂ ಹನೀಫನನ್ನೂ ನೋಡಿದ.

"ಮಾಸುಮಬಿ ಕಾಯತಿರ್ತಾಳ" ಎಂದ ಗುಡ್ಡಪ್ಪ. "ಎರಡೂವರಿಗೆ ರಾಣೆಬೆನ್ನೂರ ಬಸ್ಸೈತಿ."

"ಐದಕ್ಕೂ ಒಂದೈತಲ್ಲ?"

"ಐತಿ."

ಹನೀಫ ಸೊಂಟ ಹೊಸದಾಗಿ ಹೊಲಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಕಣಕ್ಕೆ ಇಳಿದ. ಒಣಗಿದ ಕಾಯನ್ನು ಗುಡ್ಡೆ ಹಾಕಿ ಚೀಲ ತುಂಬಬೇಕಿತ್ತು. ರೇಣುಕವ್ವ ಚೀಲದ ಬಾಯಿ ಹಿಡಿದಳು, ಗುಡ್ಡಪ್ಪ ಬುಟ್ಟಿ ಎತ್ತಿ ಕೊಟ್ಟ. ಹನೀಫ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಮೊದಲ ಚೀಲವನ್ನು ಕಾಲಿನಿಂದ ತುಳಿಯತೊಡಗಿದ.